ಬಿಲ್ಲೆ ಕೊಡದ ಬಾಗಿಲು

ಅರಬರ ನಾಡಿನ ಇಬ್ ಪಟ್ಟಣದ ಹೆಂಗಸರ ಮದುವೆ ಹಾಲ್‌ನೊಳಗೆ ಮೊಬೈಲ್ ಸಾಗಿಸುತ್ತೇನೆಂದು ಹೊರಟವಳು ತಕಿಯ್ಯಳ ಕೈಗೆ ಸಿಕ್ಕಿ ಮಾನ ಕಳೆದುಕೊಂಡೇ ಮನೆಗೆ ಹೋಗಬೇಕು. ಹನ್ನೊಂದು ವರ್ಷದಿಂದ ಆ ಬಾಗಿಲಲ್ಲಿ ಕೂತವಳು ಅವಳು. ಮಗ್ಗುಲಲ್ಲಿ ಹಸಿರು ಬಟ್ಟೆಯ ಉದ್ದನೆಯ ಚೀಲ, ಅದಕ್ಕೆ ಅವಳೇ ಹೊಲಿದ ಇನ್ನೂರು ಜೇಬು, ಪ್ರತಿ ಜೇಬಿಗೂ ಒಂದು ನಂಬರು. ಬಂದವಳು ಮೊಬೈಲ್ ಕೊಟ್ಟು ಅದೇ ನಂಬರಿನ ತಗಡಿನ ಬಿಲ್ಲೆ ಪಡೆಯಬೇಕು, ಹೋಗುವಾಗ ಬಿಲ್ಲೆ ಕೊಟ್ಟು ಮೊಬೈಲ್ ಪಡೆಯಬೇಕು. ಇಲ್ಲವೇ ಇಲ್ಲ ಎಂದು ವಾದಿಸಿದವಳ ಮೈಯನ್ನು ತಕಿಯ್ಯ ತಡವುತ್ತಾಳೆ. ತುರುಬಿನೊಳಗೆ, ಮಗುವಿನ ಚಡ್ಡಿಯೊಳಗೆ, ಒಮ್ಮೆ ಚಹಾದ ಫ್ಲಾಸ್ಕಿನೊಳಗೆ ಪ್ಲಾಸ್ಟಿಕ್ ಸುತ್ತಿ ಮುಳುಗಿಸಿದ್ದ ಮೊಬೈಲನ್ನೂ ಅವಳು ಹಿಡಿದಿದ್ದಳು.

“ಖಾಲಾ, ಅದೊಂದು ಬಾಕಿ, ನನ್ನ ಹಲ್ಲೂ ಎಣಿಸಿಬಿಡಿ” ಎಂದು ಹುಡುಗಿಯರು ಕಿಚಾಯಿಸುವರು.

“ಎಣಿಸ್ತೀನಿ, ತೆಗಿ ಬಾಯಿ. ನಿನ್ನ ಬಾಯಿ ಸೈಜಿಗೆ ಎರಡು ಮೊಬೈಲು ಆರಾಮಾಗಿ ಹಿಡಿತಾವೆ” ಎಂದು ತಕಿಯ್ಯ ತಿರುಗಿಸಿ ಕೊಡುವಳು.

ಬೈದುಕೊಂಡರೂ ಅವಳಿದ್ದಾಳೆಂದೇ ಹೆಂಗಸರು ಆ ಹಾಲಿಗೆ ಬರುತ್ತಿದ್ದರು. ಹೊಸಿಲು ದಾಟಿದ ಮೇಲೆ ಮೈಮುಖ ಮುಚ್ಚಿದ ಕಪ್ಪು ಬಟ್ಟೆಗಳೆಲ್ಲ ಮೊಳೆಗೆ ಬೀಳುತ್ತಿದ್ದವು. ಬಿಚ್ಚಿದ ಕೂದಲು, ಕಿವಿಯ ಮೇಲೆ ತುಳಸಿಯಂಥ ಘಮದ ರೈಹಾನ್ ಸೊಪ್ಪಿನ ಕುಡಿ, ತೋಳಿಲ್ಲದ ಝರಿ ಅಂಗಿ, ಮನಸ್ಸು ಬಂದಂತೆ ಕುಣಿತ. ಗಂಡಸಿನ ಕಣ್ಣಿಲ್ಲ. ಕ್ಯಾಮರಾ ಅಂತ ಇದ್ದದ್ದು ಒಂದೇ, ಮದುವೆ ಫೋಟೊ ತೆಗೆಯುವ ನಜ್ಲಾಳದು. ಅವಳೂ ಫೋಟೊ ತೆಗೆದು ಮುಗಿದ ಕೂಡಲೇ ಚಿತ್ರಗಳಿರುವ ಉಗುರಿನಷ್ಟಗಲದ ಮೆಮೊರಿ ಚಿಪ್ಪನ್ನು ಕ್ಯಾಮರಾದಿಂದ ಕಿತ್ತು, ಎಲ್ಲರೆದುರು ಮದುವಣಗಿತ್ತಿಯ ತಾಯಿಯ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸುತ್ತಿದ್ದಳು. ಅದು ಅಲ್ಲಿಯ ಪದ್ಧತಿ. ಹನ್ನೊಂದು ವರ್ಷದಲ್ಲಿ ಆ ಹಾಲಿನಿಂದ ಒಂದು ಹೆಣ್ಣಿನ ಒಂದು ಚಿತ್ರವೂ ಹೊರಗೆ ಹೋಗಿರಲಿಲ್ಲ.

ಇಬ್ತಿಹಾಲ್ ತಕಿಯ್ಯಳ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ. ಅಪ್ಪ ತೀರಿಕೊಂಡಾಗ ಆರು ವರ್ಷದವಳು. ಈಗ ಪಟ್ಟಣದ ಆರೋಗ್ಯ ಸಂಸ್ಥೆಯಲ್ಲಿ ಹೆರಿಗೆ ಮಾಡಿಸುವ ವಿದ್ಯೆ ಕಲಿಯುತ್ತಿದ್ದಳು, ಇನ್ನೊಂದು ವರ್ಷ ಬಾಕಿ. ಮನೆಯ ಯಜಮಾನಿಕೆ ಮೇಲಂತಸ್ತಿನಲ್ಲಿದ್ದ ದೊಡ್ಡಪ್ಪ ಅಬ್ದುಲ್ ಜಲೀಲನದು. ಸಂಸ್ಥೆಗೆ ಸೇರಿಸುವಾಗಲೇ ಅವನು ಖಡಾಖಂಡಿತವಾಗಿ ಹೇಳಿದ್ದ: “ಓದ್ಲಿ, ಬೇಡ ಅನ್ನಲ್ಲ. ಆದ್ರೆ ಇವಳ ಬಗ್ಗೆ ಒಂದೇ ಒಂದು ಮಾತು ನನ್ನ ಕಿವಿಗೆ ಬೀಳಬಾರದು. ಬಿದ್ದ ದಿನ ಸಂಸ್ಥೆ ಬಂದ್.” ಆ ಮಾತನ್ನು ತಕಿಯ್ಯ ಎರಡು ವರ್ಷದಿಂದ ಹೊಟ್ಟೆಯಲ್ಲಿ ಕಲ್ಲಿನಂತೆ ಹೊತ್ತುಕೊಂಡಿದ್ದಳು.

ಹಾಗಿರುವಾಗ ಔಷಧಿ ಅಂಗಡಿಯ ಹೈಥಂನ ಕಡೆಯಿಂದ ಹೆಣ್ಣು ಕೇಳಲು ಬಂದರು. ಹುಡುಗಿ ಓದು ಮುಗಿಸಲಿ, ಬೇಕಾದರೆ ಕೆಲಸಕ್ಕೂ ಹೋಗಲಿ ಎಂದು ಹುಡುಗ ತಾನಾಗಿಯೇ ಹೇಳಿ ಕಳಿಸಿದ್ದ. ತಕಿಯ್ಯ ಅಂದು ಒಲೆಯ ಮುಂದೆ ಕೂತು ಅತ್ತಳು, ಸಂತೋಷಕ್ಕೆ. ನಿಶ್ಚಿತಾರ್ಥ ಅದೇ ಹಾಲಿನಲ್ಲಿ ನಡೆಯಿತು. ಆದರೆ ಹುಡುಗಿಯ ತಾಯಿ ಬಾಗಿಲಲ್ಲಿ ಕೂತು ಬೀಗಿತ್ತಿಯ ಮೈ ತಡವುವುದುಂಟೇ? ಹಸಿರು ಚೀಲವನ್ನು ಅಂದಿನ ಮಟ್ಟಿಗೆ ಹಾಲಿನ ಒಡತಿಯ ನಾದಿನಿ ಜುಮಾನಳಿಗೆ ಒಪ್ಪಿಸಿದಳು. ಜುಮಾನಳೋ, ಕೆನ್ನೆ ತುಂಬ ಅಮಲಿನ ಖಾತ್ ಎಲೆ ತುರುಕಿಕೊಂಡು ಗೋಡೆಗೆ ಒರಗಿದರೆ ಪಕ್ಕದಲ್ಲಿ ಒಂಟೆ ಹಾದುಹೋದರೂ ತಿಳಿಯದವಳು.

ಮರುದಿನ ಹಾಲ್ ಗುಡಿಸುವ ಹೆಂಗಸು ತಕಿಯ್ಯಳ ಕಿವಿಯಲ್ಲಿ ಹೇಳಿದಳು: “ನಿಮಗೆ ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಗಂಡಿನ ಕಡೆಯ ಆ ರಹಫ್ ಅನ್ನೋ ಹುಡುಗಿ ಇದಾಳಲ್ಲ, ನಿನ್ನೆ ಕನ್ನಡಿ ಹತ್ರ ನಿಮ್ಮ ಮಗಳ ಪಕ್ಕ ನಿಂತಿದ್ಳು. ಕೈಯಲ್ಲಿ ಮೊಬೈಲ್ ಇತ್ತು.”

ಊರಿನ ಎಲ್ಲ ಹೆಣ್ಣುಮಕ್ಕಳನ್ನೂ ಕಾದವಳು ತನ್ನ ಮಗಳ ದಿನವೇ ಸೋತಳಲ್ಲ! ರಹಫ್ ಫೋಟೊ ತೆಗೆದಳೋ? ತೆಗೆದಿದ್ದರೆ ಯಾರಿಗೆ ಕಳಿಸಿದಳು? ಗಂಡಿನ ಕಡೆಯವರನ್ನು ಕೇಳುವ ಹಾಗಿಲ್ಲ, ಕೇಳಿದರೆ ಅನುಮಾನಿಸಿದಂತೆ. ಮಗಳನ್ನಾದರೂ ಕೇಳಬಹುದಿತ್ತು. ಆದರೆ ಮಗಳು ಉಂಗುರ ತಿರುಗಿಸುತ್ತಾ ಮನೆಯೆಲ್ಲ ಗುನುಗುತ್ತಿದ್ದಳು. ಆ ಮುಖ ನೋಡಿ ತಕಿಯ್ಯಳಿಗೆ ಬಾಯಿ ಬರಲಿಲ್ಲ. ಇಷ್ಟು ಸಂತೋಷವಾಗಿರುವ ಕೂಸಿನ ತಲೆಗೆ ಯಾಕೆ ಹುಳ ಬಿಡಲಿ ಅಂದುಕೊಂಡಳು. ನನ್ನನ್ನು ಕೇಳಿದರೆ, ಅವಳ ಎಲ್ಲ ಎಚ್ಚರಿಕೆಗಿಂತ ಈ ಒಂದು ಮಮತೆಯೇ ಮನೆ ಹಾಳು ಮಾಡಿತು.

ಆ ವಾರ ಬಾಗಿಲಲ್ಲಿ ಬಿಲ್ಲೆಗಾಗಿ ನಿಂತ ಇಬ್ಬರು ಹುಡುಗಿಯರು ಏನೋ ಮಾತಾಡಿಕೊಳ್ಳುತ್ತಿದ್ದರು. ಒಬ್ಬಳು, “ಒಂದು ಸೈಟ್ ಇದೆ ಕಣೇ. ಅದಕ್ಕೆ ಫೋಟೊ ಹಾಕಿದ್ರೆ ಸಾಕು, ಅಂಥದ್ದೇ ಫೋಟೊ ಇಂಟರ್ನೆಟ್ಟಲ್ಲಿ ಎಲ್ಲೆಲ್ಲಿದೆ ಅಂತ ಹುಡುಕಿ ಹೇಳತ್ತೆ” ಎಂದಳು.

ತಕಿಯ್ಯಳ ಕಿವಿ ನೆಟ್ಟಗಾಯಿತು. “ಯಾರ ಮುಖ ಹಾಕಿದ್ರೂ ಹೇಳತ್ತಾ?”

“ಯಾರದ್ದಾದ್ರೂ ಹಾಕಿ ಖಾಲಾ. ಯಾಕೆ, ನಿಮ್ಮ ಫೋಟೊ ಯಾರಾದ್ರೂ ಕದ್ರಾ?”

“ನನ್ನ ಫೋಟೊ ಕದ್ದೋನು ತಾನಾಗೇ ವಾಪಸ್ ತಂದ್ಕೊಡ್ತಾನೆ, ಹೋಗೇ” ಎಂದು ನಗಿಸಿ, ಸೈಟಿನ ಹೆಸರು ಬರೆಸಿಕೊಂಡಳು.

ಸೋಮವಾರ ಬೆಳಿಗ್ಗೆ ಇಬ್ತಿಹಾಲ್ ಸಂಸ್ಥೆಗೆ ಹೋದ ಮೇಲೆ ತಕಿಯ್ಯ ಮೂಲೆಯ ಅಂಗಡಿಯಿಂದ ನೂರು ರಿಯಾಲಿನ ನೆಟ್ ಕಾರ್ಡು ತಂದಳು. ಬಾಗಿಲಿಗೆ ಅಗುಳಿ ಹಾಕಿದಳು. ಕಿಟಕಿಯ ಪರದೆ ಎಳೆದಳು. ಎದುರುಮನೆಯ ಮಾಳಿಗೆಯಲ್ಲಿ ಯಾರೋ ನೀರಿನ ತೊಟ್ಟಿ ತಿಕ್ಕುತ್ತಿದ್ದರು, ಅವರಿಗೆ ಕಾಣದಂತೆ ಗೋಡೆಗೆ ಮುಖ ಮಾಡಿ ಕೂತಳು. ನಿಶ್ಚಿತಾರ್ಥದಂದು ನಜ್ಲಾ ಕೊಟ್ಟ ಚಿಪ್ಪನ್ನು ಪೆಟ್ಟಿಗೆಯ ತಳದಿಂದ ತೆಗೆದು ಮೊಬೈಲಿಗೆ ಹಾಕಿ, ಮಗಳ ಚಿತ್ರಗಳಲ್ಲಿ ಒಂದನ್ನು ಆರಿಸಿದಳು. ಹಳದಿ ರೇಷ್ಮೆ ಅಂಗಿ, ಬಿಚ್ಚಿದ ಕೂದಲು, ಕತ್ತಿನ ತುಂಬ ಮಲ್ಲಿಗೆ ಹಾರ, ನಗು ತಡೆಯಲಾರದೆ ಕೆಳತುಟಿ ಕಚ್ಚಿಕೊಂಡ ಮುಖ. ಕಳ್ಳನನ್ನು ಹುಡುಕಬೇಕಾದರೆ ಕಳುವಾದ ವಸ್ತು ಎಂಥದ್ದೆಂದು ತೋರಿಸಲೇಬೇಕಲ್ಲ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬಂತು. ಒಂದು ಚೌಕದಲ್ಲಿ ಮೊದಲೇ ಸರಿ ಗುರುತು ಇತ್ತು. ಕೆಳಗೆ ಹಸಿರು ಗುಂಡಿ. ಓದಲು ಬಾರದಿದ್ದರೂ ಹಸಿರು ಎಂದರೆ ಸರಿ ಎಂದು ಅವಳಿಗೆ ಗೊತ್ತಿತ್ತು. ಬಿಸ್ಮಿಲ್ಲಾ ಎಂದು ಒತ್ತಿದಳು. ನೀಲಿ ಗೆರೆ ಕಾಲು ಗಂಟೆ ತೆವಳಿತು. ಅಷ್ಟು ಹೊತ್ತೂ ಅವಳು ಮೊಬೈಲಿನ ಮೇಲೆ ತಲೆಬಟ್ಟೆಯ ಸೆರಗು ಮುಚ್ಚಿ ಹಿಡಿದಿದ್ದಳು.

ಕೊನೆಗೆ ಒಂದು ಸೊನ್ನೆ ಬಂತು. ಎಲ್ಲೂ ಇಲ್ಲ!

ಅವಳ ತಿಳಿವಳಿಕೆ ಇಷ್ಟೇ: ಕೊಟ್ಟೆ, ನೋಡಿತು, ಇಲ್ಲವೆಂದಿತು, ವಾಪಸ್ ಕೊಟ್ಟಿತು. ಚಿತ್ರ ಇದ್ದಲ್ಲೇ ಚಿಪ್ಪಿನಲ್ಲಿದೆಯಲ್ಲ? ಹನ್ನೊಂದು ವರ್ಷ ಬಾಗಿಲಲ್ಲಿ ಕೂತವಳಿಗೆ, ಕೊಟ್ಟ ವಸ್ತುವನ್ನು ಇಟ್ಟುಕೊಂಡೇ ವಾಪಸ್ ಕೊಟ್ಟಂತೆ ಮಾಡುವ ಬಾಗಿಲೂ ಇರುತ್ತದೆಂದು ಹೊಳೆಯುವುದಾದರೂ ಹೇಗೆ? ಚಿಪ್ಪಿಗೆ ಮುತ್ತಿಟ್ಟು ಪೆಟ್ಟಿಗೆಗೆ ಹಾಕಿದಳು. ಮಧ್ಯಾಹ್ನಕ್ಕೆ ಪದರ ಪದರವಾಗಿ ಬಿಂತ್ ಅಸ್ಸಹನ್ ರೊಟ್ಟಿ ಸುಟ್ಟು ಮೇಲೆ ಜೇನು ಸುರಿದಳು.

“ಏನಮ್ಮಾ ವಿಶೇಷ? ಹಬ್ಬ ಇಲ್ಲ, ನೆಂಟರಿಲ್ಲ” ಎಂದಳು ಇಬ್ತಿಹಾಲ್ ಬೆರಳು ನೆಕ್ಕುತ್ತಾ.

“ನಿನ್ನ ಮುಖಕ್ಕೆ ಹಬ್ಬ ಬೇರೆ ಬೇಕಾ? ಸುಮ್ನೆ ತಿನ್ನು.”

ಎರಡು ವಾರ ಕಳೆದ ಮೇಲೆ ಒಂದು ಗುರುವಾರ, ಹಾಲಿಗೆ ಹೊರಡುವ ಮೊದಲು, ಇನ್ನೊಮ್ಮೆ ನೋಡಿಬಿಡೋಣ ಎನ್ನಿಸಿತು. ಮತ್ತೆ ಕಾರ್ಡು, ಅಗುಳಿ, ಪರದೆ. ಈ ಸಲ ಸೊನ್ನೆಯ ಜಾಗದಲ್ಲಿ ಒಂದು ಎಂಬ ಅಂಕಿ ಇತ್ತು.

ಒತ್ತಿ ನೋಡಿದರೆ ಮಗಳು. ಅದೇ ಮಲ್ಲಿಗೆ, ಅದೇ ಕಚ್ಚಿದ ತುಟಿ. ಸುತ್ತಲೂ ಯಾವ್ಯಾವುದೋ ದೇಶದ ಮುಖಗಳು, ನಾಯಿಮರಿಗಳು, ಬೂಟುಗಳು, ನಡುವೆ ತಲೆಗೂದಲು ಬಿಚ್ಚಿಕೊಂಡು ಅವಳ ಇಬ್ತಿಹಾಲ್. ಇದು ರಹಫ್ ಕದ್ದು ತೆಗೆದ ಚಿತ್ರವಲ್ಲ. ಇದು ನಜ್ಲಾಳ ಕ್ಯಾಮರಾದ್ದು. ಹಾಗಾದರೆ ಚಿಪ್ಪು ಕೊಡುವ ನಾಟಕ ಆಡಿ ಅವಳು ನಕಲು ಇಟ್ಟುಕೊಂಡಿದ್ದಳು!

ಹಾಲಿಗೆ ಹೋದವಳು ಚೀಲವನ್ನೂ ಬಿಚ್ಚಲಿಲ್ಲ. ನಜ್ಲಾ ಒಳಗೆ ದೀಪ ಹೊಂದಿಸುತ್ತಿದ್ದಳು, ಸುತ್ತ ನಲವತ್ತು ಹೆಂಗಸರು ಬಟ್ಟೆ ಬದಲಿಸುತ್ತಿದ್ದರು. ತಕಿಯ್ಯ ಅಲ್ಲೇ ನಾಲಿಗೆ ಹರಿಬಿಟ್ಟಳು.

“ಅಲ್ಲಾಹು ನಿನ್ನ ಕೈ ಸೇದಿಹೋಗೋ ಹಾಗೆ ಮಾಡ್ಲಿ! ನನ್ನ ಮನೆ ಉಪ್ಪು ತಿಂದು ನನ್ನ ಮಗಳ ಚಿತ್ರ ಮಾರ್ಕೊಂಡ್ಯಲ್ಲೇ ಕಳ್ಳಿ!”

ಬಟ್ಟೆ ಬದಲಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ನಜ್ಲಾ ಕೂಗಾಡಲಿಲ್ಲ. “ಬೈಯೋದಾದ್ರೆ ಆಮೇಲೆ ಬೈಯಿರಿ ಇಬ್ತಿಹಾಲಳಮ್ಮಾ. ಮೊದ್ಲು ತೋರಿಸಿ” ಎಂದು ಅವಳ ರಟ್ಟೆ ಹಿಡಿದು ಪಕ್ಕದ ಉಗ್ರಾಣಕ್ಕೆ ಎಳೆದುಕೊಂಡು ಹೋದಳು.

ಮೊಬೈಲನ್ನು ಅತ್ತಿತ್ತ ತೀಡಿ, ಪುಟವನ್ನು ಅರಬಿಗೆ ತಿರುಗಿಸಿ ಓದತೊಡಗಿದಳು. ಓದುತ್ತಾ ಓದುತ್ತಾ ಅವಳ ಸಿಟ್ಟು ಇಳಿಯಿತು. ತಕಿಯ್ಯಳಿಗೆ ಅದನ್ನು ಕಂಡು ಇನ್ನಷ್ಟು ಹೆದರಿಕೆಯಾಯಿತು.

“ಇಲ್ಲಿ ಏನು ಬರ್ದಿದೆ ಗೊತ್ತಾ? ‘ಜನರು ಇತ್ತೀಚೆಗೆ ಹುಡುಕಿದ ಚಿತ್ರಗಳು’ ಅಂತ. ಇದು ಆ ಹುಡುಕೋ ಸೈಟಿನದ್ದೇ ಪುಟ. ಬೇರೆ ಯಾರೂ ಹಾಕಿಲ್ಲ. ತಾರೀಖೂ ಇದೆ ನೋಡಿ. ಹದಿನೇಳು ದಿನದ ಹಿಂದೆ, ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಅವತ್ತು ಚಿಪ್ಪು ಎಲ್ಲಿತ್ತು?”

“ನನ್ನ ಪೆಟ್ಟಿಗೇಲಿ.”

“ಪೆಟ್ಟಿಗೆಯಿಂದ ಯಾರು ತೆಗೆದ್ರು?”

ತಕಿಯ್ಯ ಅಕ್ಕಿಮೂಟೆಯ ಮೇಲೆ ಕುಸಿದಳು. “ನಾನು ಹಾಕ್ಲಿಲ್ಲ ನಜ್ಲಾ. ಇದೆಯಾ ಅಂತ ಕೇಳ್ದೆ, ಅಷ್ಟೆ. ಕೇಳಿದ್ದಕ್ಕೆ ಇಟ್ಕೊಳ್ತಾರಾ?”

“ಒಂದು ಚೌಕ ಇತ್ತಲ್ಲ, ಅದರಲ್ಲಿನ ಗುರುತು ಅಳಿಸ್ಬೇಕಿತ್ತು. ಅಳಿಸ್ದಿದ್ರೆ ಕೊಟ್ಟ ಚಿತ್ರ ಅವರು ಇಟ್ಕೊಂಡು ಎಲ್ಲರಿಗೂ ತೋರಿಸಬಹುದಂತೆ. ನೀವು ಒಪ್ಪಿದೀರಿ ಅಂತಿದೆ.”

ಇಬ್ಬರೂ ಸೇರಿ ಅಳಿಸುವ ದಾರಿ ಹುಡುಕಿದರು. ಒಂದು ಅರ್ಜಿ ಸಿಕ್ಕಿತು. ಚಿತ್ರದಲ್ಲಿರುವವಳೇ ಅರ್ಜಿ ಹಾಕಬೇಕು, ಗುರುತಿನ ಚೀಟಿಯನ್ನು ಗಲ್ಲದ ಹತ್ತಿರ ಹಿಡಿದುಕೊಂಡು, ಮುಖ ಪೂರ್ತಿ ಕಾಣುವಂತೆ ಹೊಸ ಫೋಟೊ ತೆಗೆದು ಕಳಿಸಬೇಕು.

“ಮುಖ ಅಳಿಸೋಕೆ ಇನ್ನೊಂದು ಮುಖ ಕಳಿಸ್ಬೇಕಂತೆ” ಎಂದಳು ನಜ್ಲಾ. ನಗುವೋ ಅಳುವೋ ತಿಳಿಯದ ದನಿ ಅದು.

ಫೋಟೊ ಇಲ್ಲದೆಯೇ ನಾಲ್ಕು ಸಾಲು ಬೇಡಿಕೊಂಡು ಬರೆದರು. ಕ್ಷಣದಲ್ಲಿ ಉತ್ತರ ಬಂತು, ದೂರಿನ ನಂಬರು ಅಂತ ಹನ್ನೆರಡು ಅಂಕಿಗಳು. ತಕಿಯ್ಯ ಅದನ್ನು ಕಾಡಿಗೆ ಕಡ್ಡಿಯಿಂದ ಒಂದು ಚೀಟಿಯ ಮೇಲೆ ಗೀಚಿಕೊಂಡು ಎದೆಯೊಳಗೆ ಸೇರಿಸಿದಳು. ನಂಬರು ಕೊಟ್ಟಿದ್ದಾರೆಂದರೆ ವಸ್ತು ಕೊಡಲೇಬೇಕು ಎಂಬ ಆಸೆ ಅವಳಿಗೆ ಇನ್ನೂ ಇತ್ತು. ಆ ನಂಬರಿಗೆ ಮತ್ತೆ ಉತ್ತರವೇ ಬರಲಿಲ್ಲ.

ನಜ್ಲಾ ಎದ್ದು ನಿಂತಳು. “ನಲವತ್ತು ಜನರ ಮುಂದೆ ನನ್ನ ಕಳ್ಳಿ ಅಂದ್ರಿ. ನಾನು ವಿಧವೆ, ಮೂರು ಮಕ್ಕಳು. ನಾಳೆಯಿಂದ ನನ್ನ ಯಾರು ಕರೀತಾರೆ ಹೇಳಿ?”

ತಕಿಯ್ಯಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಚಿತ್ರದ ಮಾತು ಹೇಗೋ ಏನೋ, ಬಾಯಿಜಗಳ ಅಂತ ಮುಚ್ಚಿಹಾಕಬಹುದು. ಬಾಯಿ ಬಿಟ್ಟರೆ ಮಗಳ ಚಿತ್ರ ಹೊರಗಿರುವುದು ನಿಜ ಎಂದು ತಾನೇ ಸಾರಿದಂತೆ. ಆದರೆ ಎದುರಿಗೆ ನಿಂತವಳ ಕಣ್ಣು ನೋಡಲಾಗಲಿಲ್ಲ. ಹೊರಗೆ ಹೋಗಿ, ತಲೆ ಬಾಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ನಜ್ಲಾಳದ್ದು ಏನೂ ತಪ್ಪಿಲ್ಲ. ಚಿತ್ರ ಹೋಗಿದ್ದು ನನ್ನ ಕೈಯಿಂದ. ನಾನೇ ಕೊಟ್ಟಿದ್ದು.”

ಅಂದು ಹೆಂಗಸರು ಬಿಲ್ಲೆ ಕೊಟ್ಟು ಮೊಬೈಲ್ ಪಡೆದು ಹೋದರು. ಆ ಮೊಬೈಲುಗಳಲ್ಲೇ ಸುದ್ದಿಯೂ ಊರು ಸುತ್ತಿತು. ಭಾನುವಾರದ ಹೊತ್ತಿಗೆ, ಹುಡುಕಿದರೆ ಒಂದು ಇದ್ದದ್ದು ಒಂಬತ್ತಾಗಿತ್ತು. ಯಾವುದೋ ಬಟ್ಟೆ ಮಾರುವವರು ಹಳದಿ ಅಂಗಿಯ ಪಕ್ಕ ಬೆಲೆ ಬರೆದು ಹಾಕಿದ್ದರು. ಇನ್ನೊಂದು ಪುಟದಲ್ಲಿ ಏನು ಬರೆದಿತ್ತೆಂದು ನಜ್ಲಾ ಓದಿ ಹೇಳಲು ಒಪ್ಪಲಿಲ್ಲ.

ಹೈಥಂನ ತಾಯಿ ಸೋಮವಾರ ಬಂದರು. ಒಳ್ಳೆಯ ಹೆಂಗಸು, ಅದೇ ಕಷ್ಟ. ಬೈದಿದ್ದರೆ ತಕಿಯ್ಯ ತಿರುಗಿ ಬೈಯುತ್ತಿದ್ದಳು. ಕಾಫಿ ಸಿಪ್ಪೆಯ ಕಿಶ್ರ್ ಕಷಾಯದ ಬಟ್ಟಲನ್ನು ಮುಟ್ಟದೆ ಆಕೆ ಮೆಲ್ಲಗೆ ಹೇಳಿದರು: “ನಿಮ್ಮ ಮಗಳದ್ದು ಏನೂ ತಪ್ಪಿಲ್ಲ, ನಂಗೊತ್ತು. ಹೈಥಂ ನೋಡಿಲ್ಲ, ನೋಡಲ್ಲ ಅಂತ ಆಣೆ ಮಾಡಿದಾನೆ. ಆದ್ರೆ ಅವನ ಅಣ್ಣತಮ್ಮಂದಿರು ನೋಡಿದಾರೆ. ನಾಳೆ ಒಂದೇ ತಟ್ಟೆಯ ಸುತ್ತ ಹೇಗೆ ಕೂರ್ತಾರೆ ಹೇಳಿ. ಉಂಗುರ, ಬಳೆ ಎಲ್ಲಾ ಅವಳದ್ದೇ ಇರ್ಲಿ. ನಮಗೆ ಬೇಡ.”

“ನೀವು ಬೇಕಾದ್ರೆ ನನ್ನ ಮುಖಕ್ಕೆ ಉಗೀರಿ, ಅವಳನ್ನ ಬಿಡಬೇಡಿ” ಎಂದು ತಕಿಯ್ಯ ಆಕೆಯ ಮೊಣಕಾಲು ಹಿಡಿದಳು. ಆಕೆ ಅಳುತ್ತಲೇ ಕೈ ಬಿಡಿಸಿಕೊಂಡು ಹೋದರು.

ಸಂಜೆ ಅಬ್ದುಲ್ ಜಲೀಲ್ ಕೆಳಗಿಳಿದು ಬಂದ. ಅವನೂ ಕೂಗಲಿಲ್ಲ. “ನಾನು ಹೇಳಿದ್ದೆ” ಎಂದ. ಇಬ್ತಿಹಾಲಳ ಬಿಳಿ ಕೋಟು ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹೋದ.

ಇಬ್ತಿಹಾಲ್ ಇಷ್ಟು ಹೊತ್ತೂ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದಳು. ಉಂಗುರ ಬೆರಳಲ್ಲೇ ಇತ್ತು. ಅದನ್ನು ತಿರುಗಿಸುತ್ತಾ ಕೇಳಿದಳು: “ಅಮ್ಮಾ, ಅವತ್ತು ರೊಟ್ಟಿಗೆ ಜೇನು ಹಾಕಿದ್ಯಲ್ಲ, ಅವತ್ತೇನಾ?”

“ಹೂಂ ಕಂದ.”

“ಯಾಕಮ್ಮಾ ಹಾಗೆ ಮಾಡ್ದೆ?”

ತಕಿಯ್ಯ ಎಲ್ಲ ಹೇಳಿದಳು. ಗುಡಿಸುವವಳು ಹೇಳಿದ್ದು, ಕನ್ನಡಿ, ರಹಫ್, ಅವಳ ಕೈಯ ಮೊಬೈಲು. ಕೇಳುತ್ತಾ ಇಬ್ತಿಹಾಲ್ ಕಣ್ಣು ಮುಚ್ಚಿಕೊಂಡಳು.

“ರಹಫ್ ಫೋಟೊ ತೆಗೀಲಿಲ್ಲಮ್ಮಾ. ತೋರಿಸಿದ್ಳು. ಹೈಥಂ ಅಂಗಡೀಲಿ ನಿಂತು ಒಂದು ಫೋಟೊ ತೆಗೆಸ್ಕೊಂಡು ಕಳಿಸಿದ್ದ, ಕೈಯಲ್ಲಿ ಒಂದು ಕಾಗದ ಹಿಡ್ಕೊಂಡು. ಅದ್ರಲ್ಲಿ ‘ಓದು ಬಿಡಬೇಡ’ ಅಂತ ಬರ್ದಿದ್ದ. ಅದಕ್ಕೇ ನಂಗೆ ಅಷ್ಟು ನಗು ಬಂದಿದ್ದು. ಆಮೇಲೆ ನಜ್ಲಾ ಫೋಟೊ ತೆಗೆದ್ಳು.” ಕಣ್ಣು ತೆರೆದು ಹೇಳಿದಳು: “ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲಮ್ಮಾ.”

ತಕಿಯ್ಯ ತಲೆ ಚಚ್ಚಿಕೊಂಡಳು. ಏನೂ ಕಳುವಾಗಿರಲಿಲ್ಲ. ಯಾರೂ ಏನನ್ನೂ ಕದ್ದಿರಲಿಲ್ಲ. ಮಗಳು ಅವಳ ಕೈಯನ್ನು ತಡೆದು, ಅಮ್ಮನ ತಲೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅದರಿಂದ ತಕಿಯ್ಯಳಿಗೆ ಏಟಿಗಿಂತ ಹೆಚ್ಚು ನೋವಾಯಿತು.

ಇಷ್ಟಾದರೂ ಹಾಲಿನ ಒಡತಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬಾಗಿಲ ಕೆಲಸದಲ್ಲಿ ಅವಳದ್ದೇನೂ ಲೋಪವಿರಲಿಲ್ಲವಲ್ಲ. ಮೂರು ತಿಂಗಳ ಮೇಲೆ ಇಬ್ತಿಹಾಲಳ ಜೊತೆ ಓದಿದ ಒಬ್ಬಳ ಮದುವೆ ಅಲ್ಲೇ ನಡೆಯಿತು. ದೊಡ್ಡಪ್ಪ ಒಂದು ಗಂಟೆಯ ಮಟ್ಟಿಗೆ ಒಪ್ಪಿದ. ಇಬ್ತಿಹಾಲ್ ಬಾಗಿಲಿಗೆ ಬಂದು ಎಲ್ಲರಂತೆ ಮೊಬೈಲ್ ಕೊಟ್ಟಳು. ತಕಿಯ್ಯ ಅರುವತ್ತೆರಡನೆಯ ಬಿಲ್ಲೆ ಕೊಟ್ಟಳು.

ಅಂದು ಇನ್ನೂರು ಹೆಂಗಸರ ಕಪ್ಪು ಬಟ್ಟೆ ಮೊಳೆಯ ಮೇಲಿತ್ತು. ತೆರೆದ ಬಾಗಿಲಿನಿಂದ ತಕಿಯ್ಯಳಿಗೆ ಎಲ್ಲ ಕಾಣುತ್ತಿತ್ತು. ಅಷ್ಟು ಜನರ ನಡುವೆ ಒಬ್ಬಳು ಮಾತ್ರ ಮುಖದ ಬಟ್ಟೆಯನ್ನೂ ತೆಗೆಯದೆ ಗೋಡೆಗೆ ಒರಗಿ ಕೂತಿದ್ದಳು. ಗೆಳತಿಯರು ಬಂದು ಎಳೆದರು, “ಏಯ್, ಇಲ್ಲಿ ನಾವೇ ಇರೋದು ಕಣೇ, ತೆಗಿ” ಎಂದರು. ಅವಳು ಬಟ್ಟೆಯ ಅಂಚನ್ನು ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದುಕೊಂಡಳು.

ಒಂದು ಗಂಟೆಯೂ ಆಗಿರಲಿಲ್ಲ, ಎದ್ದು ಬಂದಳು. ಬಿಲ್ಲೆ ಚಾಚಿದಳು.

“ಒಳಗೆ ಯಾರ ಹತ್ರಾನೂ ಮೊಬೈಲಿಲ್ಲ ಕಂದಾ. ನಾನು ಒಬ್ಬೊಬ್ಬರನ್ನೇ ನೋಡಿ ಬಿಟ್ಟಿದೀನಿ” ಎಂದಳು ತಕಿಯ್ಯ.

“ಗೊತ್ತಮ್ಮಾ. ನೀನಿರುವಾಗ ಏನೂ ಹೋಗಲ್ಲ ಅಂತ ಎಲ್ಲರೂ ಹೇಳ್ತಾರೆ.”

ಚುಚ್ಚಿ ಹೇಳಿದ್ದೋ ಸಮಾಧಾನಕ್ಕೆ ಹೇಳಿದ್ದೋ, ಬಟ್ಟೆಯ ಹಿಂದಿನ ಮುಖ ಕಾಣದೆ ತಾಯಿಗೆ ತಿಳಿಯಲಿಲ್ಲ. ಅವಳು ಬಿಲ್ಲೆ ತೆಗೆದುಕೊಂಡು ಅರುವತ್ತೆರಡನೆಯ ಜೇಬಿನಿಂದ ಮೊಬೈಲ್ ತೆಗೆದು ಮಗಳ ಕೈಗಿಟ್ಟಳು. ಸಂಜೆಯಾಗುವಷ್ಟರಲ್ಲಿ ಹೆಂಗಸರೆಲ್ಲ ತಮ್ಮ ತಮ್ಮ ವಸ್ತು ಪಡೆದು ಮನೆಗೆ ಹೋದರು. ತಕಿಯ್ಯ ಪ್ರತಿ ಜೇಬಿಗೂ ಕೈ ಹಾಕಿ ನೋಡಿದಳು, ಒಂದರಲ್ಲೂ ಏನೂ ಉಳಿದಿರಲಿಲ್ಲ.